ಬೇಸಿಗೆಯ ಹಾಲಿಗೆ ಕಳ್ಳನ ಪಟ್ಟ

ಯುಗಾದಿ ದಾಟಿತೆಂದರೆ ನಮ್ಮ ಧಾರವಾಡದ ಓಣಿಗಳಲ್ಲಿ ಮಾವಿನಕಾಯಿಯ ಜೊತೆಗೇ ಒಂದು ಮಾತೂ ಬರುತ್ತದೆ: "ಹಾಲು ನೀರಾಗ್ಯಾವ." ಗೌಳಿಯವನು ಹಾಲು ಹಾಕಿ ಓಣಿಯ ತಿರುವು ದಾಟುವವರೆಗೂ ಯಾರೂ ಕಾಯುವುದಿಲ್ಲ. ಪಾತೇಲಿಯೊಳಗೆ ಬೆರಳದ್ದಿ, ಹನಿಯನ್ನು ಉಗುರಿನ ಮೇಲೆ ನಿಲ್ಲಿಸಿ, ಅದು ಜಾರಿದ ವೇಗ ನೋಡಿ ತೀರ್ಪು ಕೊಡುವ ನ್ಯಾಯಾಧೀಶರು ಮನೆಗೊಬ್ಬರಿದ್ದಾರೆ. ಕೆನೆ ತೆಳ್ಳಗಾಗಿದೆ, ಮೊಸರು ಹುಳಿಬಂದಿದೆ, ಚಹಾ ಒಡೆದಿದೆ. ಮೂರಕ್ಕೂ ಕಾರಣ ಒಂದೇ, ಹಾಲು ಹಾಕುವವನ ನಿಯತ್ತು ಕೆಟ್ಟಿದೆ. ತಲೆಯ ಮೇಲೆ ಉರಿಯುತ್ತಿರುವ ಸೂರ್ಯನ ಮೇಲೆ ಮಾತ್ರ ಯಾರೂ ಫಿರ್ಯಾದಿ ಹೇಳುವುದಿಲ್ಲ.

ಹಾಲಿಗೆ ನೀರು ಹಾಕುವವರೇ ಇಲ್ಲ ಎಂದು ನಾನು ವಾದಿಸಲು ಹೊರಟಿಲ್ಲ. ಅಷ್ಟು ಮುಗ್ಧನಾದರೆ ಈ ಊರಲ್ಲಿ ಇಷ್ಟು ವರ್ಷ ಸಂಸಾರ ಮಾಡುವುದು ಆಗುತ್ತಿರಲಿಲ್ಲ. ಆದರೆ ನೀರು ಹಾಕುವ ಚಟ ಇದ್ದವನು ಶ್ರಾವಣದಲ್ಲೂ ಹಾಕುತ್ತಾನೆ, ಮಾಘದಲ್ಲೂ ಹಾಕುತ್ತಾನೆ. ಎಲ್ಲ ಬಿಟ್ಟು, ಬಾವಿಯ ತಳ ಕಾಣುವ ಏಪ್ರಿಲ್ ತಿಂಗಳಲ್ಲೇ, ಊರಿನ ಎಲ್ಲ ದನದ ಮನೆಗಳಲ್ಲೂ ಒಂದೇ ಸಲಕ್ಕೆ ನಿಯತ್ತು ಕೆಡುತ್ತದೆ ಎಂದರೆ ಅದನ್ನು ನಂಬುವವರ ಬುದ್ಧಿಯ ಬಗ್ಗೆಯೇ ಸ್ವಲ್ಪ ಯೋಚಿಸಬೇಕಾಗುತ್ತದೆ.

೨೦೨೩ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ ೨೩೬ ತಾಲೂಕುಗಳಲ್ಲಿ ೨೨೩ನ್ನು ಸರ್ಕಾರ ಬರಪೀಡಿತ ಎಂದು ಸಾರಿತು. ಅದರ ಮುಂದಿನ ಬೇಸಿಗೆ, ಅಂದರೆ ೨೦೨೪ರ ಏಪ್ರಿಲ್‌ನಲ್ಲಿ, ನಾನು ನಮ್ಮ ಹಳ್ಳಿಯ ಮನೆಯಲ್ಲಿ ಕೆಲವು ದಿನ ಇದ್ದೆ. ಅಣ್ಣ ತೀರಿಕೊಂಡ ಮೇಲೆ ಎರಡು ಎಚ್ಚೆಫ್ ಆಕಳ ಮೇಲೆ ವೈನಿಯ ಸಂಸಾರ ನಿಂತಿದೆ. ಒಂದು ಸಂಜೆ ಅವರ ಜೊತೆ ಹಾಲಿನ ಡೇರಿಗೆ ಹೋದೆ. ಅಲ್ಲಿದ್ದ ಹುಡುಗ ಕ್ಯಾನಿನಿಂದ ಹಾಲು ತೆಗೆದು, ಲ್ಯಾಕ್ಟೊಮೀಟರ್ ಇಳಿಬಿಟ್ಟು, ಮುಖ ಸಿಂಡರಿಸಿ ಹೇಳಿದ:

"ಅವ್ವಾರ, ಡಿಗ್ರಿ ಬರವಲ್ದು. ಹಾಲಿನ ಕೊಡಾ ನೀರಿನ ಕೊಡಾ ಬಾಜೂಕ ಬಾಜೂಕ ಇಡಬ್ಯಾಡ್ರಿ."

ಸಾಲಿನಲ್ಲಿ ನಿಂತವರು ನಕ್ಕರು. ವೈನಿ ನಗಲಿಲ್ಲ, ಸಿಟ್ಟಾಗಲೂ ಇಲ್ಲ. "ಕುಡ್ಯಾಕ ನೀರಿಲ್ಲೋ ತಮ್ಮಾ, ಹಾಲಿಗೆ ಹಾಕೂ ನೀರು ಎಲ್ಲಿಂದ ತರ್ಲಿ?" ಎಂದಷ್ಟೇ ಅಂದು ಕ್ಯಾನು ಎತ್ತಿಕೊಂಡರು. ಒಂಬತ್ತು ಲೀಟರ್ ಹಾಲು. ಆ ರಾತ್ರಿ ಅದನ್ನು ಕಾಸಿ, ಹೆಪ್ಪು ಹಾಕಿ, ಮರುದಿನ ಓಣಿಯವರಿಗೆಲ್ಲ ಮಜ್ಜಿಗೆ ಹಂಚಿದರು. ಮಜ್ಜಿಗೆ ಕುಡಿದವರಲ್ಲಿ ಸಾಲಿನಲ್ಲಿ ನಕ್ಕವರೂ ಇದ್ದರು.

ಆ ಹಾಲಿಗೆ ಒಂದು ಹನಿ ನೀರು ಬಿದ್ದಿರಲಿಲ್ಲ. ಹಿಂಡುವಾಗ ಬಾಜೂಕ ಕೂತವನು ನಾನೇ. ಹಾಗಿದ್ದರೆ ಡಿಗ್ರಿ ಯಾಕೆ ಬರಲಿಲ್ಲ? ಎರಡು ಕಾರಣಗಳಿವೆ. ಒಂದು ಆಕಳೊಳಗಿನದು, ಇನ್ನೊಂದು ಆ ಗಾಜಿನ ಕೊಳವೆಯೊಳಗಿನದು.

ಮೊದಲು ಆಕಳು. ಮೆಲುಕು ಹಾಕುವ ಪ್ರಾಣಿಯ ದೊಡ್ಡ ಹೊಟ್ಟೆ ಒಂದು ಹುದುಗಿನ ಹಗೇವು ಇದ್ದ ಹಾಗೆ. ಅದರಲ್ಲಿ ಮೇವು ಹುದುಗುವಾಗ ಹುಟ್ಟುವ ಕಾವು ಬಹಳ. ಚಳಿ ನಾಡಿನಲ್ಲಿ ಈ ಕಾವೇ ಅದಕ್ಕೆ ಕಂಬಳಿ. ಎಚ್ಚೆಫ್ ಆಕಳಿನ ಮೂಲ ಹಾಲೆಂಡ್ ಮತ್ತು ಉತ್ತರ ಜರ್ಮನಿಯ ತಂಪು ಹುಲ್ಲುಗಾವಲು. ೨೫ ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಅದಕ್ಕೆ ಸೆಕೆ ಶುರು. ಒಂದು ಲೀಟರ್ ಹಾಲಾಗಬೇಕಾದರೆ ಕೆಚ್ಚಲಿನೊಳಗಿಂದ ೪೦೦–೫೦೦ ಲೀಟರ್ ರಕ್ತ ಹಾಯಬೇಕು. ಬಿಸಿಲಿನಲ್ಲಿ ಮೈ ತಂಪು ಮಾಡಿಕೊಳ್ಳಲು ಆಕಳು ಆ ರಕ್ತವನ್ನು ಚರ್ಮದ ಕಡೆಗೆ ತಿರುಗಿಸುತ್ತದೆ. ಬಾಯಿ ತೆರೆದು ತೇಕುತ್ತದೆ, ಜೊಲ್ಲು ಸುರಿಸುತ್ತದೆ. ಆ ಜೊಲ್ಲು ಒಳಗೆ ಹೋಗಿ ಹೊಟ್ಟೆಯ ಹುಳಿಯನ್ನು ಮುರಿಯಬೇಕಾದದ್ದು. ಅದು ನೆಲಕ್ಕೆ ಬಿದ್ದರೆ ಹೊಟ್ಟೆ ಹುಳಿಯಾಗುತ್ತದೆ, ಹಾಲಿನ ಫ್ಯಾಟು ಇಳಿಯುತ್ತದೆ. ಕಣಿಕೆ, ಹೊಟ್ಟಿನಂಥ ಒರಟು ಮೇವು ತಿಂದರೆ ಇನ್ನಷ್ಟು ಕಾವು ಏಳುವುದರಿಂದ ಅದು ಗೋದಲಿಗೆ ಮುಖ ಹಾಕುವುದನ್ನೇ ಬಿಡುತ್ತದೆ. ನಮ್ಮವರು ಇದನ್ನು ನೋಡಿ "ಆಕಳು ಮೇವು ಬಿಟ್ಟೈತಿ, ದೃಷ್ಟಿ ಆಗೈತಿ" ಎನ್ನುತ್ತಾರೆ.

ಗಾಳಿಯ ಬಿಸಿ ಮತ್ತು ತೇವ ಎರಡನ್ನೂ ಸೇರಿಸಿ ಹೈನುಶಾಸ್ತ್ರದವರು ಒಂದು ಅಂಕಿ ತೆಗೆಯುತ್ತಾರೆ. ಅದು ೭೨ ದಾಟಿದರೆ ಆಕಳಿಗೆ ಕಷ್ಟ ಎಂಬುದು ಹಳೆಯ ಲೆಕ್ಕ. ಹೆಚ್ಚು ಹಾಲಿನ ತಳಿಗೆ ೬೮ಕ್ಕೇ ಕಷ್ಟ ಎಂಬುದು ಈಚಿನ ಲೆಕ್ಕ. ೩೬ ಡಿಗ್ರಿ ಬಿಸಿಲು, ನೂರಕ್ಕೆ ೩೦ ತೇವ ಇರುವ ನಮ್ಮ ಮಧ್ಯಾಹ್ನಕ್ಕೆ ಕೂಡಿ ಕಳೆದರೆ ಸುಮಾರು ೮೨ ಬರುತ್ತದೆ. ಧಾರವಾಡಕ್ಕೆ ಪುಣ್ಯವಿದ್ದುದು ಸಂಜೆಯ ಪಡುವಣ ಗಾಳಿಯಿಂದ. ರಾತ್ರಿ ೨೨ ಡಿಗ್ರಿಗೆ ಇಳಿದರೆ ಆ ಅಂಕಿ ೭೦ರ ಕೆಳಗೆ ಬರುತ್ತದೆ. ಹಗಲು ಬೆಂದ ಆಕಳು ರಾತ್ರಿ ಸುಧಾರಿಸಿಕೊಳ್ಳುತ್ತದೆ. ಆದರೆ ಆ ಗಾಳಿಗೂ ಈಗ ಅಡ್ಡಗಟ್ಟಿದ್ದೇವೆ. ಹುಬ್ಬಳ್ಳಿ–ಧಾರವಾಡದ ನಡುವಿನ ರಸ್ತೆ ಅಗಲ ಮಾಡಿ ೨೦೧೮ರಲ್ಲಿ ಬಿ.ಆರ್.ಟಿ.ಎಸ್. ಬಸ್ಸು ಬಿಟ್ಟೆವು, ಒಳ್ಳೆಯದೇ ಆಯಿತು, ನಾನೂ ಅದರಲ್ಲಿ ಓಡಾಡುತ್ತೇನೆ. ಅದಕ್ಕಾಗಿ ಉರುಳಿದ ಮರಗಳ ನೆರಳನ್ನು ಮಾತ್ರ ಯಾವ ಬಸ್ಸೂ ತರಲಿಲ್ಲ. ಸಿಮೆಂಟು ಹಗಲು ಕುಡಿದ ಬಿಸಿಲನ್ನು ರಾತ್ರಿ ಉಗುಳುತ್ತದೆ. ಊರಂಚಿನ ದನದ ಮನೆಗಳಿಗೆ ತಂಪು ರಾತ್ರಿಯೂ ಇಲ್ಲದಂತಾಗಿದೆ.

"ಮೇವು ತಿನ್ನೋದಿಲ್ಲ, ಅದಕ್ಕ ಹಾಲು ಕಡಿಮಿ, ಹಿಂಡಿ ಜಾಸ್ತಿ ಹಾಕ್ರಿ" ಎನ್ನುವ ಸಲಹೆ ಎಲ್ಲ ಕಡೆಯೂ ಸಿಗುತ್ತದೆ. ಹಿಂಡಿ ಮಾರುವವನ ಅಂಗಡಿಯಲ್ಲಂತೂ ಪುಕ್ಕಟೆಯಾಗಿ ಸಿಗುತ್ತದೆ. ೨೦೦೯ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗ ಇದಕ್ಕೆ ಉತ್ತರ ಹೇಳಿದೆ. ಕೆಲವು ಆಕಳುಗಳನ್ನು ಸೆಕೆಯಲ್ಲಿ ಇಟ್ಟರು. ಅವು ಎಷ್ಟು ತಿಂದವೋ ಅಷ್ಟನ್ನೇ ತಂಪಿನಲ್ಲಿದ್ದ ಬೇರೆ ಆಕಳುಗಳಿಗೂ ಅಳೆದು ಹಾಕಿದರು. ತಂಪಿನಲ್ಲಿದ್ದವುಗಳ ಹಾಲೂ ಇಳಿಯಿತು. ಆದರೆ ಸೆಕೆಯಲ್ಲಿದ್ದವುಗಳ ಹಾಲು ಇಳಿದದ್ದರಲ್ಲಿ ನೂರಕ್ಕೆ ೩೫ರಷ್ಟು ಪಾಲಿಗೆ ಮಾತ್ರ ಮೇವಿನ ಕೊರತೆ ಕಾರಣ ಎಂದು ತಿಳಿದುಬಂತು. ಉಳಿದದ್ದು ಸೆಕೆಯದೇ ಕೆಲಸ. ಹಾಲಿನ ಸಕ್ಕರೆ ಆಗಬೇಕಾದ ರಕ್ತದ ಸಕ್ಕರೆಯನ್ನು ಆಕಳು ತನ್ನ ಜೀವ ಹಿಡಿದುಕೊಳ್ಳಲು ಸುಟ್ಟುಕೊಳ್ಳುತ್ತದೆ. ಅದಕ್ಕೆ ಹಿಂಡಿಯ ಮೇಲೆ ಹಿಂಡಿ ಸುರಿದರೆ ಲಾಭ ಅಂಗಡಿಯವನಿಗೆ. ಇಷ್ಟಕ್ಕೇ ಮುಗಿಯುವುದೂ ಇಲ್ಲ. ಬೇಸಿಗೆಯಲ್ಲಿ ಆಕಳು ಬೆದೆಗೆ ಬಂದದ್ದು ಕಾಣುವುದಿಲ್ಲ, ಬಂದರೂ ಗರ್ಭ ನಿಲ್ಲುವುದು ಕಡಿಮೆ. ತುಂಬು ಗಬ್ಬದ ಆಕಳು ಸೆಕೆಯಲ್ಲಿ ಬೆಂದರೆ ಅದರ ಹೊಟ್ಟೆಯ ಹೆಣ್ಣುಕರು ಮುಂದೆ ಬೆಳೆದು ಕೊಡುವ ಹಾಲೂ ಕಡಿಮೆ ಎಂದು ಫ್ಲಾರಿಡಾದ ಸಂಶೋಧಕರು ತೋರಿಸಿದ್ದಾರೆ.

ಇನ್ನು ಗಾಜಿನ ಕೊಳವೆ. ಇದು ಬಹಳ ಜನರಿಗೆ ಗೊತ್ತಿಲ್ಲ, ಗೊತ್ತಿದ್ದವರು ಹೇಳುವುದಿಲ್ಲ. ಲ್ಯಾಕ್ಟೊಮೀಟರ್ ಎನ್ನುವುದು ಒಂದು ಗೊತ್ತಾದ ಉಷ್ಣತೆಗೆ ಹೊಂದಿಸಿ ಮಾಡಿದ ಸಾಧನ. ನಮ್ಮಲ್ಲಿ ಬಳಸುವುದು ಸಾಮಾನ್ಯವಾಗಿ ೨೭ ಡಿಗ್ರಿಗೆ. ಹಾಲು ಅದಕ್ಕಿಂತ ಬಿಸಿಯಾಗಿದ್ದರೆ ತೆಳ್ಳಗಾಗಿ, ಕೊಳವೆ ಹೆಚ್ಚು ಮುಳುಗುತ್ತದೆ, ಅಂಕಿ ಕಡಿಮೆ ತೋರಿಸುತ್ತದೆ. ಒಂದು ಡಿಗ್ರಿ ಸೆಲ್ಸಿಯಸ್ಸಿಗೆ ಸುಮಾರು ೦.೨ರಂತೆ ಓದಿದ ಅಂಕಿಗೆ ಕೂಡಿಸಬೇಕು ಎಂದು ಹೈನು ಪಾಠಪುಸ್ತಕಗಳಲ್ಲಿ ಇದೆ. ಏಪ್ರಿಲ್ ಸಂಜೆ ಆಗಷ್ಟೇ ಹಿಂಡಿದ ಹಾಲು ೩೫ ಡಿಗ್ರಿ ಇತ್ತು ಎನ್ನಿ. ಎಂಟು ಡಿಗ್ರಿ ಹೆಚ್ಚು. ಎಂಟನ್ನು ೦.೨ರಿಂದ ಗುಣಿಸಿದರೆ ೧.೬. ಲ್ಯಾಕ್ಟೊಮೀಟರ್ ಅಂಕಿಯನ್ನು ನಾಲ್ಕರಿಂದ ಭಾಗಿಸಿ ಎಸ್.ಎನ್.ಎಫ್. ತೆಗೆಯುವುದರಿಂದ ಅಲ್ಲಿ ೦.೪ ಹೋಯಿತು. ೮.೫ ಇರುವ ಹಾಲು ೮.೧ ಎಂದು ಕಾಣಿಸುತ್ತದೆ. ಹೆಚ್ಚುಕಡಿಮೆ ನೂರು ಲೀಟರಿಗೆ ಐದು ಲೀಟರ್ ನೀರು ಸುರಿದಷ್ಟು ವ್ಯತ್ಯಾಸ! ಸಾಲದ್ದಕ್ಕೆ, ಆಗಷ್ಟೇ ಹಿಂಡಿದ ಹಾಲಿನಲ್ಲಿ ಗಾಳಿ ಸೇರಿರುತ್ತದೆ, ಜಿಡ್ಡು ಇನ್ನೂ ಗಟ್ಟಿಯಾಗಿರುವುದಿಲ್ಲ. ಕೆಲವು ತಾಸು ಕಳೆದ ಮೇಲೆ ಅದೇ ಹಾಲಿನ ಸಾಂದ್ರತೆ ತಾನಾಗಿಯೇ ಸ್ವಲ್ಪ ಏರುತ್ತದೆ. ಅಂದರೆ ಹಾಲು ಹಿಂಡಿದ ಕೂಡಲೇ ಓಡೋಡಿ ಡೇರಿಗೆ ತಂದ ವೈನಿಯಂಥವರಿಗೇ ಕಳ್ಳರ ಪಟ್ಟ. ಈಗ ಬಹಳ ಡೇರಿಗಳಲ್ಲಿ ಯಂತ್ರ ಬಂದಿದೆ, ನಿಜ. ಯಂತ್ರಕ್ಕೂ ಕಾಲಕಾಲಕ್ಕೆ ಲೆಕ್ಕ ಸರಿಹೊಂದಿಸಬೇಕು. ಅದು ಕೆಟ್ಟ ದಿನ ಮತ್ತೆ ಆ ಹಳೆಯ ಕೊಳವೆಯೇ ಗತಿ.

ಅಷ್ಟಕ್ಕೂ ಈ ೮.೫ ಎಂಬುದೇನು ಬ್ರಹ್ಮಲಿಪಿಯೆ? ಕೇಂದ್ರದ ಆಹಾರ ಸುರಕ್ಷತೆಯ ನಿಯಮವೇ ಈಗ ಆಕಳ ಹಾಲಿಗೆ ೩.೨ ಫ್ಯಾಟು, ೮.೩ ಎಸ್.ಎನ್.ಎಫ್. ಇದ್ದರೆ ಸಾಕು ಎನ್ನುತ್ತದೆ. ನಮ್ಮ ಹಳ್ಳಿಯ ಡೇರಿಯ ಗೋಡೆಯ ಮೇಲಿನ ಬೋರ್ಡು ೩.೫ ಮತ್ತು ೮.೫ ಎನ್ನುತ್ತದೆ. ದಿಲ್ಲಿಯಲ್ಲಿ ಹಾಲಾದದ್ದು ನಮ್ಮ ಹಳ್ಳಿಯಲ್ಲಿ ನೀರಾಗುವುದು ಹೇಗೆ? ವಾಪಸು ಬಂದ ಹಾಲಿಗೆ ದರವೂ ಇಲ್ಲ. ೨೦೦೮ರಲ್ಲಿ ಲೀಟರಿಗೆ ೨ ರೂಪಾಯಿಯಿಂದ ಶುರುವಾಗಿ ೫ ರೂಪಾಯಿಗೆ ಏರಿದ ಸರ್ಕಾರದ ಪ್ರೋತ್ಸಾಹಧನವೂ ಇಲ್ಲ. ಮಳೆಗಾಲದಲ್ಲಿ ಹಾಲು ಉಕ್ಕಿದರೆ "ಹಾಲು ಹೆಚ್ಚಾತು" ಎಂದು ದರ ಇಳಿಸುವುದುಂಟು. ಬೇಸಿಗೆಯಲ್ಲಿ ಹಾಲು ಬತ್ತಿದಾಗ "ಹಾಲು ತೆಳ್ಳಗಾತು" ಎಂದು ಕಡಿತ. ಲಗ್ನದ ಹಂಗಾಮು, ಮಜ್ಜಿಗೆ ಲಸ್ಸಿಗಳ ಹಂಗಾಮು, ಪೇಟೆಯಲ್ಲಿ ಹಾಲಿಗೆ ಎಳೆದಾಟ ಇರುವ ಹಂಗಾಮು ಇದೇ. ಆ ಎಳೆದಾಟದ ರೂಪಾಯಿ ವೈನಿಯ ದನದ ಮನೆಯ ತನಕ ನಡೆದು ಬಂದದ್ದನ್ನು ನಾನಂತೂ ನೋಡಿಲ್ಲ.

ವೈನಿಗೆ ಆಕಳ ಸಾಲ ಕೊಟ್ಟ ಬ್ಯಾಂಕಿನ ಅರ್ಜಿಯನ್ನು ತುಂಬಿದವನು ನಾನು. ಆಕಳ ತಳಿ, ಬಣ್ಣ, ಎಷ್ಟನೆಯ ಸೂಲು, ಕಿವಿಯ ಬಿಲ್ಲೆಯ ನಂಬರು, ವಿಮೆ ಎಲ್ಲಕ್ಕೂ ಅಲ್ಲಿ ಜಾಗವಿತ್ತು. ನೆರಳಿಗೆ, ನೀರಿಗೆ ಒಂದು ಕಾಲಮ್ಮೂ ಇರಲಿಲ್ಲ. ಶೆಡ್ಡಿಗೆಂದು ಸಿಕ್ಕ ಹಣದಲ್ಲಿ ಬಂದದ್ದು ತಗಡು. ಮಧ್ಯಾಹ್ನ ಎರಡು ಗಂಟೆಗೆ ಆ ತಗಡಿನ ಕೆಳಗೆ ಅರ್ಧ ತಾಸು ನಿಂತು ನೋಡಬೇಕು, ಯೋಜನೆ ಬರೆದವರು. ನಮ್ಮ ಹಳೆಯ ಮನೆಗಳಲ್ಲಿ ದನ ಕಟ್ಟುವ ಅಂಕಣ ಮನೆಯೊಳಗೇ ಇರುತ್ತಿತ್ತು, ಮನುಷ್ಯರ ಕಟ್ಟೆಗಿಂತ ಒಂದು ಮೆಟ್ಟಿಲು ಕೆಳಗೆ. ಮೇಲೆ ಗೇಣುಗಟ್ಟಲೆ ಮಣ್ಣಿನ ಮಾಳಿಗೆ. ಆ ಮಣ್ಣು ದಾಟಿ ಬಿಸಿಲು ಒಳಗೆ ಬರುವ ಹೊತ್ತಿಗೆ ಸಂಜೆಯಾಗುತ್ತಿತ್ತು. ಆ ಮನೆಗಳನ್ನು ಆರೋಗ್ಯಕ್ಕೆ ಹಾನಿ ಎಂದು ಬಿಡಿಸಿದೆವು. ಗಾಳಿ ಬೆಳಕು ಕಡಿಮೆ ಇದ್ದದ್ದು ಹೌದು. ನೊಣದ ಕಾಟವೂ ಇತ್ತು. ಆದರೆ ದನವನ್ನು ಹೊರಗೆ ಹಾಕಿದವರು ಮಾಳಿಗೆಯ ತಂಪನ್ನು ಬೇರೆ ಯಾವುದರಿಂದಲಾದರೂ ತುಂಬಿಕೊಡಬೇಕಿತ್ತಲ್ಲ?

ತಜ್ಞರು ಹಂಚುವ ಕರಪತ್ರದಲ್ಲಿ ಇದಕ್ಕೆಲ್ಲ ಉಪಾಯ ಇದೆ. ಫ್ಯಾನು ಹಾಕಿರಿ, ಮಂಜಿನಂತೆ ನೀರು ಸಿಂಪಡಿಸಿರಿ, ಮೈಮೇಲೆ ಒದ್ದೆ ಗೋಣಿಚೀಲ ಹೊದಿಸಿರಿ, ಮೇವನ್ನು ನಸುಕಿನಲ್ಲಿ ಮತ್ತು ರಾತ್ರಿ ಹಾಕಿರಿ, ದಿನಪೂರ್ತಿ ನೀರು ಇಡಿರಿ. ಒಂದು ಸಾಲೂ ಸುಳ್ಳಲ್ಲ. ಇಸ್ರೇಲಿನಲ್ಲಿ ದಿನಕ್ಕೆ ಹಲವು ಸಲ ಆಕಳ ಮೈ ತೋಯಿಸಿ, ದೊಡ್ಡ ಫ್ಯಾನುಗಳ ಮುಂದೆ ನಿಲ್ಲಿಸಿ ಬೇಸಿಗೆಯಲ್ಲೂ ಹಾಲು ಬತ್ತದಂತೆ ನೋಡಿಕೊಳ್ಳುತ್ತಾರೆ. ಆದರೆ ಹಾಲು ಕೊಡುವ ದೊಡ್ಡ ಆಕಳು ಬೇಸಿಗೆಯಲ್ಲಿ ದಿನಕ್ಕೆ ನೂರು ಲೀಟರಿನಷ್ಟು ನೀರು ಕುಡಿಯುತ್ತದೆ. ನಗರದ ಮನುಷ್ಯನಿಗೆ ಸರ್ಕಾರ ಲೆಕ್ಕ ಹಾಕುವುದು ದಿನಕ್ಕೆ ೧೩೫ ಲೀಟರ್, ಸ್ನಾನ ಬಟ್ಟೆ ಎಲ್ಲ ಸೇರಿ. ಆಕಳನ್ನು ಯಾವ ನೀರಿನ ಯೋಜನೆಯೂ ತಲೆಯೆಣಿಕೆಗೆ ಹಿಡಿದದ್ದನ್ನು ನಾನು ನೋಡಿಲ್ಲ. ಮಲಪ್ರಭೆಯಿಂದ ಪೈಪಿನಲ್ಲಿ ನೀರು ತರಿಸಿಕೊಳ್ಳುವ, ೨೦೧೬–೧೭ರ ಬರದಲ್ಲಿ ನೀರಸಾಗರದ ತಳ ಬಿರಿದದ್ದನ್ನು ಕಂಡ ಈ ಜೋಡಿ ನಗರದಲ್ಲಿ, ನಲ್ಲಿಗೆ ನೀರು ಯಾವಾಗ ಬರುತ್ತದೆ ಎಂದು ರಾತ್ರಿ ಎದ್ದು ಕೂತವರಿಗೆ "ಮಂಜಿನಂತೆ ಸಿಂಪಡಿಸಿರಿ" ಎನ್ನುವುದು ಸಲಹೆಯಲ್ಲ, ಚೇಷ್ಟೆ.

ಇನ್ನೊಂದು ಪಂಗಡದವರಿದ್ದಾರೆ. ಅವರ ಸಭೆ ತಂಪು ಹವೆಯ ಸಭಾಗೃಹದಲ್ಲಿ ನಡೆಯುತ್ತದೆ. "ವಿದೇಶಿ ತಳಿಯ ಮೋಹ ಬಿಡಿ, ನಾಟಿ ಆಕಳು ಸಾಕಿ, ಅದಕ್ಕೆ ಬಿಸಿಲು ತಾಗುವುದಿಲ್ಲ" ಎಂದು ಅವರು ಕೈ ಎತ್ತಿ ಹೇಳುತ್ತಾರೆ. ನಾಟಿ ಆಕಳು ಬಿಸಿಲು ತಡೆಯುವುದು ನಿಜ. ಅದರ ಚರ್ಮ ಹೆಚ್ಚು ಬೆವರುತ್ತದೆ, ಒಳಗಿನ ಕಾವೂ ಕಡಿಮೆ. ಒಳಗಿನ ಕಾವು ಕಡಿಮೆ ಯಾಕೆಂದರೆ ಅದು ಕೊಡುವ ಹಾಲು ಕಡಿಮೆ. ಹೊತ್ತಿಗೆ ಒಂದು ಸೇರು ಹಿಂಡುವ ಆಕಳಿನಿಂದ ಬ್ಯಾಂಕಿನ ಕಂತು ಕಟ್ಟುವ ವಿದ್ಯೆಯನ್ನು ಅವರು ಯಾರಿಗೂ ಕಲಿಸಿಲ್ಲ. ವಿದೇಶಿ ತಳಿಯನ್ನು ಹಳ್ಳಿಗೆ ತಂದವಳು ವೈನಿಯಲ್ಲ. ಇದು ೧೯೭೦ರ ಕ್ಷೀರಕ್ರಾಂತಿಯಿಂದ ಈಚೆಗೆ ಸರ್ಕಾರವೇ ನಡೆಸಿಕೊಂಡು ಬಂದ ನೀತಿ. ಅದರಿಂದ ಬಹಳ ಮನೆಗಳ ಒಲೆ ಉರಿದಿದೆ, ಹುಡುಗರು ಸಾಲಿ ಕಲಿತಿದ್ದಾರೆ. ನೀತಿ ಮಾಡಿದವರು ಹಾಲಿನ ಏರಿಕೆಗೆ ಸನ್ಮಾನ ಮಾಡಿಸಿಕೊಂಡರು. ಬಿಸಿಲಿನ ಇಳಿಕೆಗೆ ಮಾತ್ರ ಹೆಣ್ಣುಮಗಳೊಬ್ಬಳು ಸಾಲಿನಲ್ಲಿ ನಿಂತು ನಗೆಗೀಡಾಗಬೇಕು.

ಎಮ್ಮೆಯ ಬಗ್ಗೆಯೂ ಇಂಥದೇ ಒಂದು ತಪ್ಪು ಕಲ್ಪನೆ ಇದೆ. ಕಪ್ಪು ಪ್ರಾಣಿ, ದಪ್ಪ ಚರ್ಮ, ಬಿಸಿಲಿಗೆ ಜಗ್ಗುವುದಿಲ್ಲ ಎಂದು ತಿಳಿದವರೇ ಹೆಚ್ಚು. ಎಮ್ಮೆಗೆ ಬೆವರಿನ ಗ್ರಂಥಿಗಳು ಆಕಳಿಗಿಂತ ಬಹಳ ಕಡಿಮೆ. ಕಪ್ಪು ಮೈ ಬಿಸಿಲನ್ನು ಹೀರುತ್ತದೆ. ನೀರಿನಲ್ಲಿ ಮುಳುಗುವುದು ಅದಕ್ಕೆ ಸೋಮಾರಿತನವಲ್ಲ, ಉಸಿರಿದ್ದಷ್ಟೇ ಅಗತ್ಯ. ನಾನು ಸಣ್ಣವನಿದ್ದಾಗ ಬಿಸಿಲು ಏರುವ ಹೊತ್ತಿಗೆ ಗೌಳಿಗಳ ಎಮ್ಮೆಗಳು ಸಾಲಾಗಿ ಕೆರೆಯ ದಾರಿ ಹಿಡಿಯುತ್ತಿದ್ದವು. ಕತ್ತಿನ ತನಕ ಮುಳುಗಿ, ಕೊಂಬು ಮೂತಿ ಅಷ್ಟೇ ಮೇಲೆ. ಇಳಿಹೊತ್ತಿಗೆ ಎದ್ದು ಬಂದು ಹಿಂಡಿಸಿಕೊಳ್ಳುತ್ತಿದ್ದವು. ಆ ಹಾಲಿಗೆ ಕೊಳವೆಯ ಸಾಕ್ಷಿ ಬೇಕಿರಲಿಲ್ಲ. ಈಗ ಕೆರೆಗಳು ಒಂದೋ ಚರಂಡಿಯ ನೀರು ಕುಡಿದು ಅಂತರಗಂಗೆ ಹೊದ್ದು ಮಲಗಿವೆ, ಇಲ್ಲವೇ ಉದ್ಯಾನವಾಗಿವೆ. ಉದ್ಯಾನವಾದ ಒಂದು ಕೆರೆಗೆ ಮೊನ್ನೆ ಹೋಗಿದ್ದೆ. ಸುತ್ತ ಕಂಬಿ, ನಡೆಯುವವರಿಗೆ ಬಣ್ಣದ ಫರಸಿ, ಮಕ್ಕಳಿಗೆ ದೋಣಿ, ಬಾಗಿಲಲ್ಲಿ "ದನಕರು ಬಿಡಬಾರದು" ಎಂಬ ಬೋರ್ಡು. ಒಳಗೆ ಸಿಮೆಂಟಿನ ಎಮ್ಮೆ ಒಂದಿದ್ದರೆ ಚಿತ್ರ ಪೂರ್ತಿಯಾಗುತ್ತಿತ್ತು.

ಧಾರವಾಡಿ ಎಮ್ಮೆ ೨೦೨೧ರಲ್ಲಿ ದೇಶದ ಅಧಿಕೃತ ತಳಿಗಳ ಪಟ್ಟಿಗೆ ಸೇರಿತು ಎಂದು ಪತ್ರಿಕೆಗಳಲ್ಲಿ ಓದಿ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಕುಡಗೋಲಿನಂಥ ಕೊಂಬಿನ ಆ ಎಮ್ಮೆಗೆ ಹೆಸರು ಸಿಕ್ಕಿತು, ನಂಬರು ಸಿಕ್ಕಿತು. ಮುಳುಗಲು ನೀರು ಸಿಗಲಿಲ್ಲ. ಲೈನ್ ಬಜಾರದಲ್ಲಿ ಉತ್ತರ ಪ್ರದೇಶದ ಉನ್ನಾವ್‌ನಿಂದ ಬಂದ ಠಾಕೂರ ಮನೆತನ ಹತ್ತೊಂಬತ್ತನೆಯ ಶತಮಾನದಲ್ಲಿ ಶುರುಮಾಡಿದ ಪೇಢಾ ಇವತ್ತು ನಮ್ಮ ಊರಿನ ಮುಖಮುದ್ರೆ. ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಬೀಗರಿಗೆ, ಮಂತ್ರಿಗಳಿಗೆ, ಬೆಂಗಳೂರಿನ ಸಾಹೇಬರಿಗೆ ನಾವು ಅದನ್ನೇ ಒಯ್ಯುತ್ತೇವೆ. ಎಮ್ಮೆಯ ಹಾಲಾದರೆ ನಾಲ್ಕು–ನಾಲ್ಕೂವರೆ ಲೀಟರಿಗೆ ಒಂದು ಕಿಲೊ ಖವಾ ಇಳಿಯುತ್ತದೆ. ಆ ಊರಿನ ಹೆಸರು ಹೊತ್ತ ಎಮ್ಮೆಗೆ, ಆ ಊರಿನ ಕೆರೆಯಲ್ಲಿ, ಮಧ್ಯಾಹ್ನ ಎರಡು ತಾಸು ಇಳಿಯಲು ಒಂದು ಮೂಲೆ ಬಿಟ್ಟುಕೊಡಿ ಎಂದರೆ "ಕೆರಿ ಹೊಲಸಾಗ್ತದ್ರೀ" ಎನ್ನುತ್ತಾರೆ. ಅದೇ ಕೆರೆಗೆ ಬಡಾವಣೆಗಳ ಪಾಯಖಾನೆಯ ನೀರು ಬರುವಾಗ ಯಾರ ಮೂಗೂ ಕೆಲಸ ಮಾಡಿರಲಿಲ್ಲ.

ನಾನು ಕೇಳುವುದು ದೊಡ್ಡದಲ್ಲ. ಆಕಳ ಸಾಲ ಕೊಡುವವರು ತಗಡಿನ ಬದಲು ಹಂಚಿಗೆ, ಕಡೇಪಕ್ಷ ತಗಡಿನ ಮೇಲೆ ಹುಲ್ಲು ಹೊದಿಸುವುದಕ್ಕೆ, ಒಂದು ನೀರಿನ ತೊಟ್ಟಿಗೆ, ನಾಲ್ಕು ಬೇವಿನ ಸಸಿಗೆ ಹಣ ಸೇರಿಸಿ ಕೊಡಲಿ. ಇವು ಇದ್ದ ಮೇಲೆಯೇ ಆಕಳು ಬರಲಿ. ಮಾರ್ಚ್‌ನಿಂದ ಮೇ ತನಕ ಹಾಲು ಅಳೆಯುವ ಮಾನದಂಡ ಕೇಂದ್ರದ ೮.೩ ಆಗಲಿ. ಇದನ್ನು ಹೇಳಿದಾಗ ಹಾಲಿನ ವ್ಯವಹಾರ ಬಲ್ಲ ಅಧಿಕಾರಿಯೊಬ್ಬರು, "ಹಂಗ ಸಡಿಲ ಬಿಟ್ರ ನೀರು ಹಾಕೋರಿಗೆ ದಾರಿ ಮಾಡಿಕೊಟ್ಟಂಗ ಆಗ್ತದ ಸರ್" ಎಂದರು. ನ್ಯಾಯವಾದ ಮಾತೇ. ಆದರೆ ನೀರು ಹಾಕಿದ್ದನ್ನು ಹಿಡಿಯಲು ಹಾಲು ಯಾವ ಶೀತಕ್ಕೆ ಹೆಪ್ಪುಗಟ್ಟುತ್ತದೆ ಎಂದು ನೋಡುವ ಪರೀಕ್ಷೆ ಇದೆ. ಹಾಲು ಸೊನ್ನೆಗಿಂತ ಸುಮಾರು ಅರ್ಧ ಡಿಗ್ರಿ ಕೆಳಗೆ ಗಟ್ಟಿಯಾಗುತ್ತದೆ. ನೀರು ಬೆರೆತಷ್ಟೂ ಆ ಅಂಕಿ ಸೊನ್ನೆಯ ಕಡೆಗೆ ಸರಿಯುತ್ತದೆ. ಸೆಕೆಗೆ ತೆಳ್ಳಗಾದ ಹಾಲು ಯಾವುದು, ಕೊಡದಿಂದ ತೆಳ್ಳಗಾದ ಹಾಲು ಯಾವುದು ಎಂದು ಅದು ಬಹುಮಟ್ಟಿಗೆ ಬೇರೆ ಮಾಡಿ ತೋರಿಸುತ್ತದೆ. ಸಂಶಯ ಬಂದ ಹಾಲನ್ನು ಆ ಪರೀಕ್ಷೆಗೆ ಕಳಿಸಿ, ತಪ್ಪಿದ್ದರೆ ದಂಡ ಹಾಕಲಿ, ಬೇಡ ಎಂದವರಾರು? ಪರೀಕ್ಷೆಯ ಖರ್ಚು ಉಳಿಸಲು ಸಾಲಿನಲ್ಲಿ ನಿಂತವರ ಮರ್ಯಾದೆ ಖರ್ಚು ಮಾಡುವುದು ಎಲ್ಲಿಯ ಲೆಕ್ಕ?

ಅದೂ ಆಗುವವರೆಗೆ, ಲ್ಯಾಕ್ಟೊಮೀಟರಿನ ಬಾಜೂಕ ಒಂದು ಥರ್ಮಾಮೀಟರ್ ಇಡಲಿ, ಗೋಡೆಯ ಮೇಲೆ ಎಷ್ಟು ಡಿಗ್ರಿಗೆ ಎಷ್ಟು ಕೂಡಿಸಬೇಕೆಂಬ ಒಂದು ಪಟ್ಟಿ ಅಂಟಿಸಲಿ. ಥರ್ಮಾಮೀಟರ್ ನಾನೇ ಕೊಡಿಸುತ್ತೇನೆ, ಪಟ್ಟಿಯನ್ನು ದುಂಡಗೆ ಬರೆದೂ ಕೊಡುತ್ತೇನೆ ಎಂದು ನಮ್ಮ ಹಳ್ಳಿಯ ಡೇರಿಯವರಿಗೆ ಮೂರು ಸಲ ಹೇಳಿದ್ದೇನೆ. "ಮೀಟಿಂಗಿನ್ಯಾಗ ಇಡ್ತೀವ್ರಿ ಸರ" ಎಂದು ಮೂರು ಸಲವೂ ಒಪ್ಪಿದ್ದಾರೆ. ಮೀಟಿಂಗು ಪ್ರತಿವರ್ಷ ಮಳೆಗಾಲದಲ್ಲಿ ಇರುತ್ತದೆ.